ಬಿಸಿಲು ನೋಡಿ ಸುತ್ತುವ ನಾಲ್ಕು ಊರು

ಮಧುಗಿರಿ, ಕೊರಟಗೆರೆ, ಪಾವಗಡ ಮತ್ತು ಶಿರಾ ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳು. ಬೆಂಗಳೂರಿನಿಂದ ಮಧುಗಿರಿಗೆ ಸುಮಾರು 100 ಕಿ.ಮೀ., ಶಿರಾಕ್ಕೆ ಸುಮಾರು 120 ಕಿ.ಮೀ. ಹೊರಗಿನಿಂದ ಬರುವವರಲ್ಲಿ ಹೆಚ್ಚಿನವರು ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮನ ದರ್ಶನ ಮುಗಿಸಿ ಅದೇ ದಿನ ಊರು ಸೇರುತ್ತಾರೆ. ಎರಡು ಮೂರು ದಿನ ಉಳಿದು ಸುತ್ತುವವರಿಗೆ ಇಲ್ಲಿ ಬೇರೆಯದೇ ಸರಕಿದೆ. ಒಂದೇ ಬಂಡೆಯ ಬೆಟ್ಟ, ಊರಿನ ಹುಣಸೆಮರಗಳಲ್ಲಿ ಸಂಸಾರ ಹೂಡುವ ಕೊಕ್ಕರೆಗಳು, ಹುಲ್ಲುಗಾವಲಿನ ಕೃಷ್ಣಮೃಗ, ಸಾವಿರಾರು ಎಕರೆಯ ಸೌರಫಲಕ, ಮೊಗಲರ ಕಾಲದ ಕಲ್ಲಿನ ಮಸೀದಿ, ಇವೆಲ್ಲ ಒಂದೊಂದು ಗಂಟೆಯ ಹಾದಿಯ ಅಂತರದಲ್ಲಿವೆ.

ಇದು ಮಳೆ ಕಡಿಮೆ ಬೀಳುವ ಸೀಮೆ. ನೆರಳು ಅಪರೂಪ, ಬಂಡೆ ಬೇಗ ಕಾಯುತ್ತದೆ. ಹಾಗಾಗಿ ಯಾವ ಜಾಗ ಎಷ್ಟು ದೂರ ಎಂದು ಲೆಕ್ಕ ಹಾಕುವುದಕ್ಕಿಂತ, ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೆಳಗಿನ ಜಾವ ಬೆಟ್ಟಕ್ಕೆ, ನಡುಹಗಲು ಕಲ್ಲಿನ ಕಟ್ಟಡ ಹಾಗೂ ಮಗ್ಗದ ಮನೆಗಳಿಗೆ, ಇಳಿಹೊತ್ತು ಪ್ರಾಣಿ ಪಕ್ಷಿಗಳಿಗೆ. ಈ ಕ್ರಮ ತಪ್ಪಿದರೆ ಮಧ್ಯಾಹ್ನ ಹನ್ನೆರಡಕ್ಕೆ ಮಧುಗಿರಿ ಬೆಟ್ಟದ ನಡುವೆ ನೀರಿಲ್ಲದೆ ಕೂರುವ ಪಾಡು ಬರುತ್ತದೆ.

ತಿಂಗಳು, ವಾಹನ, ವಸತಿ

ಮೊದಲ ಹೆಜ್ಜೆ ತಿಂಗಳು ಆರಿಸುವುದು. ಬೆಟ್ಟ ಹತ್ತಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಕಗ್ಗಲಡುವಿನ ಕೊಕ್ಕರೆಗಳು ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಗೂಡು ಕಟ್ಟಿ, ಮರಿ ಮಾಡಿಕೊಂಡು ಮಳೆಗಾಲದ ನಡುವಿನವರೆಗೂ ಇರುತ್ತವೆ. ಎರಡೂ ಬೇಕೆನ್ನುವವರಿಗೆ ಫೆಬ್ರುವರಿಯ ಮೊದಲ ಅರ್ಧವೇ ಸರಿ: ಹಕ್ಕಿಗಳು ಬಂದಿರುತ್ತವೆ, ಬಂಡೆ ಇನ್ನೂ ಕಾದಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಟ್ಟದ ಆಸೆ ಬಿಡುವುದು ವಾಸಿ. ಮಳೆಗಾಲದಲ್ಲಿ ಸೀಮೆಯೇನೋ ಹಸಿರಾಗಿರುತ್ತದೆ, ಆದರೆ ಒದ್ದೆ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ.

ರೈಲಿನಲ್ಲಿ ಬರುವವರು ತುಮಕೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಶಿರಾ ಮೂರಕ್ಕೂ ಸಾರಿಗೆ ಸಂಸ್ಥೆಯ ಮತ್ತು ಖಾಸಗಿ ಬಸ್ಸುಗಳಿವೆ. ಹಳ್ಳಿಗಳ ಮಟ್ಟಕ್ಕೆ ಇಳಿದರೆ ಬಸ್ಸಿನ ಭರವಸೆ ಸಾಲದು. ಸ್ವಂತ ವಾಹನ ಇಲ್ಲದವರು ಪಟ್ಟಣಗಳಲ್ಲಿ ದಿನಕ್ಕಿಷ್ಟು ಎಂದು ಮಾತಾಡಿ ಆಟೊ ಇಲ್ಲವೇ ಕಾರು ಗೊತ್ತುಮಾಡಿಕೊಳ್ಳಬಹುದು. ಬಾಡಿಗೆ ಕಾರಿನವರಿಗೆ ಒಂದು ಮಾತು ಮೊದಲೇ ಹೇಳಿರಬೇಕು. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶ ಸುತ್ತುವರಿದಿದೆ, ಮಧುಗಿರಿಯಿಂದ ಅಲ್ಲಿಗೆ ಹೋಗುವ ರಸ್ತೆ ನಡುವೆ ಕೊಂಚ ದೂರ ಮಡಕಶಿರಾ ಸೀಮೆಯಲ್ಲಿ ಹಾಯುತ್ತದೆ. ಹಳದಿ ಬೋರ್ಡಿನ ಗಾಡಿಗೆ ಅಂತರರಾಜ್ಯ ಪರ್ಮಿಟ್ಟಿನ ಪ್ರಶ್ನೆ ಏಳುವುದು ಇಲ್ಲೇ.

ಮೊದಲೆರಡು ರಾತ್ರಿ ಮಧುಗಿರಿ, ಮೂರನೆಯದು ಪಾವಗಡ, ಇದು ಅನುಕೂಲದ ಏರ್ಪಾಡು. ಎರಡೂ ಕಡೆ ಸಾಧಾರಣ ಲಾಡ್ಜುಗಳಿವೆ, ರೆಸಾರ್ಟಿನ ನಿರೀಕ್ಷೆ ಬೇಡ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಪಾವಗಡದಲ್ಲಿ ಶನಿವಾರದ ಗದ್ದಲ ಪ್ರತಿ ವಾರದ್ದು. ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಷೂ, ಬೈನಾಕ್ಯುಲರ್ ಜೊತೆಗಿರಲಿ. ಇನ್ನೂ ಎರಡು ವಸ್ತು ಚೀಲಕ್ಕೆ ಸೇರಿದರೆ ಪ್ರವಾಸದ ರುಚಿ ಬೇರೆಯಾಗುತ್ತದೆ. ಒಂದು, ಸಣ್ಣ ಆಯಸ್ಕಾಂತ. ಇನ್ನೊಂದು, ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದ ಕೆಲವು ಪುಟ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಈ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ. ಹೋಗುವ ಊರುಗಳ ಹೆಸರು ಹುಡುಕಿ ಆ ಪುಟಗಳನ್ನಷ್ಟೇ ಮುದ್ರಿಸಿಕೊಂಡರೆ, ದೇವಸ್ಥಾನದ ಮುಂದೆ ಸುಣ್ಣ ಬಳಿದುಕೊಂಡು ನಿಂತ ಕಲ್ಲು ಏನು ಹೇಳುತ್ತಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಕೊರಟಗೆರೆ: ಹಳ್ಳದ ಮರಳಿನಲ್ಲಿ ಕಬ್ಬಿಣ

ಹೊರಡುವ ದಿನ ಮಧ್ಯಾಹ್ನದ ಹೊತ್ತಿಗೆ ಕೊರಟಗೆರೆ ಸೇರಿದರೆ ಸಾಕು. ಸಿದ್ಧರಬೆಟ್ಟಕ್ಕೆ ಜನ ಹೋಗುವುದು ಗುಹೆಯ ಸಿದ್ಧೇಶ್ವರನಿಗಾಗಿ, ಅಲ್ಲಿಯ ಗವಿನೀರಿಗಾಗಿ, ಗಿಡಮೂಲಿಕೆಯ ಹೆಸರಿಗಾಗಿ. ಮೆಟ್ಟಿಲಿದೆ, ಮರಗಳ ನೆರಳಿದೆ, ವಯಸ್ಸಾದವರೂ ನಿಧಾನವಾಗಿ ಹತ್ತುತ್ತಾರೆ. ಕೋತಿಗಳ ಕಣ್ಣು ಕೈಚೀಲದ ಮೇಲೆಯೇ ಇರುತ್ತದೆ.

ಸಿದ್ಧರಬೆಟ್ಟಕ್ಕಿಂತ ಕಡಿಮೆ ಜನ ಕಾಣುವ, ಹೆಚ್ಚು ಕುತೂಹಲದ ಜಾಗ ಕೊರಟಗೆರೆ ಮತ್ತು ಮಧುಗಿರಿ ನಡುವಿನ ಚನ್ನರಾಯನದುರ್ಗ. ಮಧುಗಿರಿಯ ಪಾಳೆಯಗಾರರು ಕಟ್ಟಿಸಿದ ಕೋಟೆ, ಆಮೇಲೆ ಮೈಸೂರಿನವರ ಕೈಸೇರಿತು. ಕೋಟೆಯ ಗೋಡೆ, ಬತೇರಿ, ಕಲ್ಯಾಣಿಗಳ ಉಳಿಕೆಗಳಿವೆ. ಇಲ್ಲಿ ಆಯಸ್ಕಾಂತಕ್ಕೆ ಕೆಲಸ. ಸ್ಕಾಟ್ಲೆಂಡಿನಿಂದ ಬಂದಿದ್ದ ವೈದ್ಯ ಫ್ರಾನ್ಸಿಸ್ ಬುಕಾನನ್, ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯಲ್ಲೆಲ್ಲ ಸಂಚರಿಸಿದ. ಬೆಳೆ, ಜಾತಿ, ಮಗ್ಗ, ಸುಂಕ, ಎಲ್ಲದರ ಲೆಕ್ಕ ಬರೆದುಕೊಂಡು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಚನ್ನರಾಯನದುರ್ಗ ಮತ್ತು ಮಧುಗಿರಿಯ ಆಸುಪಾಸಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದುದನ್ನು ಅವನು ದಾಖಲಿಸಿದ್ದಾನೆ. ಗಣಿ ತೋಡಿ ತೆಗೆದ ಅದಿರಲ್ಲ, ಮಳೆನೀರು ಬೆಟ್ಟದಿಂದ ತೊಳೆದು ಹಳ್ಳಕ್ಕೆ ತಂದ ಕರಿ ಮರಳೇ ಆ ಕುಲುಮೆಗಳ ಸರಕು.

ಕುಲುಮೆಗಳ ಕಾಲ ಮುಗಿದಿದೆ, ಮರಳು ಇನ್ನೂ ಬರುತ್ತಲೇ ಇದೆ. ಬೆಟ್ಟದ ಬುಡದಲ್ಲಿ ಒಣಗಿದ ಹಳ್ಳವೊಂದನ್ನು ಹುಡುಕಿ, ನೀರು ಹರಿದ ಗುರುತಿನಲ್ಲಿ ಕಪ್ಪು ಗೆರೆಗಳು ಕಾಣುತ್ತವೆಯೇ ನೋಡಬೇಕು. ಹಗುರ ಮರಳು ಮುಂದಕ್ಕೆ ಹೋಗಿ ಭಾರದ ಕಣ ಹಿಂದುಳಿಯುವುದರಿಂದ ಆ ಗೆರೆ ಮೂಡುತ್ತದೆ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೆರೆಯ ಮೇಲೆ ಎಳೆದರೆ ಕರಿಕಣಗಳು ಮುಳ್ಳಿನ ಹಾಗೆ ಎದ್ದು ಅಂಟಿಕೊಳ್ಳುತ್ತವೆ. ಕವರ್ ತೆಗೆದರೆ ಅಷ್ಟೂ ಉದುರುತ್ತದೆ. ಮಕ್ಕಳು ಜೊತೆಗಿದ್ದರೆ ಕೋಟೆಗಿಂತ ಹೆಚ್ಚು ಹೊತ್ತು ಇಲ್ಲೇ ಕಳೆಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬೇಕು.

ಮಧುಗಿರಿ: ನಸುಕಿನ ಬಂಡೆ

ಎರಡನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿರಬೇಕು. ಕತ್ತಲಲ್ಲಿ ಹೊರಡಬಾರದು. ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಬೆಟ್ಟ ಹತ್ತುವ ಸಮಯ, ಶುಲ್ಕ, ಮುಂಗಡ ನೋಂದಣಿಯ ನಿಯಮಗಳು ಆಗಾಗ ಬದಲಾಗುವುದರಿಂದ ಹಿಂದಿನ ಸಂಜೆಯೇ ಲಾಡ್ಜಿನಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಮಧುಗಿರಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 3,930 ಅಡಿ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರು. ಬಸ್ ನಿಲ್ದಾಣದಿಂದ ನಡೆದೇ ಬೆಟ್ಟದ ಬುಡ ಸೇರಬಹುದು, ಆದರೆ ಹತ್ತುವುದು ಹಗುರದ ಕೆಲಸವಲ್ಲ.

ಮೊದಲ ಘಟ್ಟ ಸುಲಭ. ಬಾಗಿಲ ಮೇಲೆ ಬಾಗಿಲು, ನಡುವೆ ಮೆಟ್ಟಿಲು. ಸ್ಥಳೀಯ ಪಾಳೆಯಗಾರ ರಾಜ ಹಿರೇಗೌಡ ಕಟ್ಟಿಸಿದ ಕೋಟೆಯನ್ನು ಚಿಕ್ಕದೇವರಾಜ ಒಡೆಯರು 1678ರಲ್ಲಿ ಗೆದ್ದರು, ಹೈದರಲಿ ಮತ್ತೆ ಬಲಪಡಿಸಿದ. 1763ರಲ್ಲಿ ಬಿದನೂರು ಹಿಡಿದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ತಂದು ಇಟ್ಟದ್ದು ಈ ಬೆಟ್ಟದ ಮೇಲೆಯೇ. ನಾಲ್ಕು ವರ್ಷಗಳ ಬಳಿಕ ಪೇಶ್ವೆ ಮಾಧವರಾಯನ ದಂಡು ಬಂದು ಬಿಡಿಸುವವರೆಗೂ ಮಲೆನಾಡಿನ ರಾಣಿ ಈ ಬಿಸಿಲ ಬಂಡೆಯ ಮೇಲಿದ್ದಳು. ಬಾಗಿಲುಗಳನ್ನು ದಾಟುವಾಗ ಈ ಸಂಗತಿ ನೆನಪಿದ್ದರೆ ಗೋಡೆಗಳ ದಪ್ಪ ಬೇರೆ ಥರ ಕಾಣುತ್ತದೆ.

ಎರಡನೆಯ ಘಟ್ಟದಲ್ಲಿ ಮೆಟ್ಟಿಲು ಮಾಯ. ಬೋಳು ಬಂಡೆಯ ಇಳಿಜಾರಿನಲ್ಲಿ ಪಾದ ಊರುವಷ್ಟು ಕೆತ್ತಿದ ಗುಳಿಗಳು, ಕೆಲವೆಡೆ ಹಿಡಿಯಲು ಕಬ್ಬಿಣದ ಕಂಬಿ. ಸಾವಿರಾರು ಕಾಲು ತುಳಿದು ಕೆಲವು ಗುಳಿಗಳ ಅಂಚು ಸವೆದಿದೆ, ನುಣುಪಾಗಿದೆ. ಪಾದವನ್ನು ಪೂರ್ತಿ ಊರಿ, ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಒಂದು ಕೈ ಬಂಡೆಗೆ ಕೊಟ್ಟು ಹತ್ತಬೇಕು. ಬಗಲಿನಲ್ಲಿ ತೂಗುವ ಚೀಲ ಇಲ್ಲಿ ಅಪಾಯ, ಬೆನ್ನಿಗೆ ಬಿಗಿದ ಚೀಲವೇ ಬೇಕು. ಎತ್ತರದ ಭಯ ಇರುವವರು ಮೊದಲ ಘಟ್ಟದ ಕೊನೆಯಲ್ಲೇ ನಿಂತರೂ ನಷ್ಟವಿಲ್ಲ, ಪಟ್ಟಣ, ಕೆರೆ, ಸುತ್ತಲ ಗುಡ್ಡಸಾಲು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಬಂಡೆಯ ಕೊರಕಲುಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಬೆಂಕಿ, ಹೊಗೆ, ಗಾಢ ಸುಗಂಧ, ಕೂಗಾಟ ಸಲ್ಲದು.

ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಾಲಯ, ಸುತ್ತ ಗಾಳಿ. ಹತ್ತಲು ಎರಡು ಗಂಟೆ ಹಿಡಿದರೆ ಇಳಿಯಲು ಅಷ್ಟೇ ಎಚ್ಚರ ಬೇಕು. ಕಡಿದಾದ ಕಡೆ ಕುಳಿತು ಜಾರುತ್ತ ಬರುವುದರಲ್ಲಿ ಅವಮಾನವೇನೂ ಇಲ್ಲ, ಸ್ಥಳೀಯ ಹುಡುಗರೂ ಹಾಗೆಯೇ ಇಳಿಯುತ್ತಾರೆ. ಒಂಬತ್ತೂವರೆ, ಹತ್ತರೊಳಗೆ ಕೆಳಗೆ ಬಂದಿರಬೇಕು. ಬುಡದಲ್ಲಿ ಅಕ್ಕಪಕ್ಕದಲ್ಲಿರುವ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳನ್ನು ನೋಡಿ, ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಸಿಗುವ ಹೋಟೆಲು ಹುಡುಕಿ, ಮೂರು ಗಂಟೆಯವರೆಗೆ ಮಲಗುವುದು ಈ ದಿನದ ಅತ್ಯುತ್ತಮ ಕಾರ್ಯಕ್ರಮ.

ಸಂಜೆಯ ಹುಲ್ಲುಗಾವಲು

ನಾಲ್ಕರ ಸುಮಾರಿಗೆ ಮಧುಗಿರಿ ತಾಲ್ಲೂಕಿನ ಪೂರ್ವದ ಅಂಚಿನ ಮೈದನಹಳ್ಳಿಗೆ ಹೊರಡಬೇಕು. ಇಲ್ಲಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ನದಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ವೀಕ್ಷಣಾ ಗೋಪುರ ಹತ್ತಿ ಸುಮ್ಮನೆ ಕೂತರೆ ಸಾಕು, ಹಿಂದೆ ಅಟ್ಟಿಕೊಂಡು ಹೋಗುವ ಅಗತ್ಯವಿಲ್ಲ. ಗಂಡಿಗೆ ಮೇಲ್ಮೈ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ಹೆಣ್ಣಿಗೆ ಕೊಂಬಿಲ್ಲ, ಬಣ್ಣ ತಿಳಿಗಂದು. ಹಿಂಡು ಬೆದರಿದಾಗ ಒಂದರ ಹಿಂದೊಂದು ನೆಟ್ಟಗೆ ಮೇಲಕ್ಕೆ ನೆಗೆಯುತ್ತವೆ, ಅದನ್ನು ನೋಡಲೆಂದು ಬೆದರಿಸುವ ಪ್ರವಾಸಿಗರೂ ಇದ್ದಾರೆ, ಅದು ತಪ್ಪು. ಸಂರಕ್ಷಿತ ಪ್ರದೇಶಕ್ಕೆ ಬೇಲಿ ಹಾಕಿ ಮುಗಿಸುವಂತಿಲ್ಲ. ಮೃಗಗಳು ಸುತ್ತಲಿನ ಕಡಲೆಕಾಯಿ ಹೊಲಗಳಿಗೂ ಇಳಿಯುತ್ತವೆ. ಹೊಲದ ಬದುವಿನ ಮೇಲೆ ಗಾಡಿ ನುಗ್ಗಿಸಿದರೆ ರೈತನಿಗೆ ಎರಡನೆಯ ನಷ್ಟ.

ಪಾವಗಡ: ಬಿಸಿಲೇ ಬೆಳೆ

ಮೂರನೆಯ ದಿನ ಬೆಳಗ್ಗೆ ಮಿಡಿಗೇಶಿಯ ಮಾರ್ಗವಾಗಿ ಪಾವಗಡಕ್ಕೆ ಸುಮಾರು 60 ಕಿ.ಮೀ. ಮಿಡಿಗೇಶಿಯಲ್ಲೂ ಬೆಟ್ಟದ ಮೇಲೊಂದು ಕೋಟೆಯಿದೆ, ಹಿಂದಿನ ದಿನದ ಕಾಲುನೋವು ಇಲ್ಲದವರು ಹತ್ತಬಹುದು.

ಪಾವಗಡದ ಈಶಾನ್ಯಕ್ಕೆ, ನಾಗಲಮಡಿಕೆ ಹೋಬಳಿಯಲ್ಲಿ, ತಿರುಮಣಿಯ ಸುತ್ತ ಸೌರ ಉದ್ಯಾನ ಹಬ್ಬಿದೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆ, 2,050 ಮೆಗಾವಾಟ್ ಸಾಮರ್ಥ್ಯ. 2018ರ ಮಾರ್ಚ್‌ನಲ್ಲಿ ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣಗೊಂಡಿತು. ಜಮೀನನ್ನು ಕೊಂಡಿಲ್ಲ, ರೈತರಿಂದ 28 ವರ್ಷಗಳಿಗೆ ಗುತ್ತಿಗೆ ಪಡೆಯಲಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಕೈಕೊಡುತ್ತಲೇ ಇದ್ದ ಹೊಲಕ್ಕೆ ಇದು ನಿಂತ ಆದಾಯ. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಊರಿನ ಚಹಾ ಅಂಗಡಿಯಲ್ಲಿ ಹತ್ತು ನಿಮಿಷ ಕೂತವರಿಗೆ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತದೆ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ.

ಬೇಲಿಯೊಳಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಗ್ರಾಮಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಎರಡೂ ಬದಿಗೆ ಫಲಕಗಳ ಸಾಲು ಮುಗಿಯುವುದೇ ಇಲ್ಲ. ನಡುಹಗಲಿನಲ್ಲಿ ನೋಡಬೇಕಾದ ಬಯಲು ಜಾಗ ಈ ಪ್ರವಾಸದಲ್ಲಿ ಇದೊಂದೇ, ಉಳಿದೆಲ್ಲರೂ ಹೆದರುವ ಬಿಸಿಲು ಇಲ್ಲಿಯ ಫಸಲು. ಹತ್ತಿರದಲ್ಲೇ ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ ಸುಬ್ರಹ್ಮಣ್ಯ ಕ್ಷೇತ್ರವಿದೆ. ಕುಕ್ಕೆ ಆದಿ, ಘಾಟಿ ಮಧ್ಯ, ಇದು ಅಂತ್ಯ ಸುಬ್ರಹ್ಮಣ್ಯ ಎಂದು ಭಕ್ತರ ಎಣಿಕೆ. ಪುಷ್ಯ ಮಾಸದ ಷಷ್ಠಿಗೆ ರಥೋತ್ಸವ.

ಮಧ್ಯಾಹ್ನ ಕಳೆಯಲು ವೈ.ಎನ್. ಹೊಸಕೋಟೆ ತಕ್ಕ ಊರು. ರೇಷ್ಮೆ ಸೀರೆ ನೇಯುವ ಮನೆಗಳು ಇಲ್ಲಿವೆ. ಬೀದಿಯಲ್ಲಿ ನಡೆಯುತ್ತ ಮಗ್ಗದ ಸದ್ದು ಕೇಳಿದ ಕಡೆ ನಿಂತು ‘ನೋಡಬಹುದಾ’ ಎಂದು ಕೇಳಿಯೇ ಒಳಗೆ ಹೋಗಬೇಕು. ಹಾಸಿನ ಎಳೆಗಳ ನಡುವೆ ಲಾಳಿ ಓಡುವುದು, ಅಂಚಿಗೆ ಜರಿ ಸೇರುವುದು, ನೇಯ್ದಷ್ಟೂ ಸೀರೆ ದೋಣಿ ಎಂಬ ಉರುಳೆಗೆ ಸುತ್ತಿಕೊಳ್ಳುವುದು ಅಲ್ಲೇ ಪಕ್ಕದಲ್ಲಿ ನಿಂತು ಕಾಣಬಹುದು. ಕೆಲಸ ನಿಂತಷ್ಟು ಹೊತ್ತು ನೇಕಾರರಿಗೆ ಕೂಲಿ ನಷ್ಟ ಎಂಬುದು ಗಮನದಲ್ಲಿರಲಿ. ಬೆಲೆ ಕೇಳಿ ಕೊಳ್ಳದೆ ಹೊರಟರೆ ಯಾರೂ ಬೇಸರಪಡುವುದಿಲ್ಲ, ಗಂಟೆಗಟ್ಟಲೆ ವಿಡಿಯೊ ತೆಗೆದು ಹೊರಟರೆ ಪಡುತ್ತಾರೆ.

ನಿಡಗಲ್ಲು, ಹೇಮಾವತಿ

ನಾಲ್ಕನೆಯ ದಿನ ಶಿರಾಕ್ಕೆ ನೇರ ರಸ್ತೆ ಹಿಡಿಯದೆ ಪಶ್ಚಿಮದ ನಿಡಗಲ್ಲಿಗೆ ತಿರುಗಬೇಕು. ಇದು ನಿಡುಗಲ್ ಚೋಳರ ರಾಜಧಾನಿ. ತಮಿಳುನಾಡಿನ ಚೋಳರಲ್ಲ, ಕನ್ನಡದಲ್ಲಿ ಶಾಸನ ಹಾಕಿಸಿದ, ಹೊಯ್ಸಳರೊಡನೆ ಕಾದಾಡಿದ ಇಲ್ಲಿಯ ಅರಸರು. ಬೆಟ್ಟದ ಮೇಲೂ ಬುಡದಲ್ಲೂ ಕೋಟೆ, ಗುಡಿಗಳು ಚದುರಿಕೊಂಡಿವೆ. ಹುಡುಕುತ್ತ ಹೋದರೆ ಅರ್ಧ ದಿನವೂ ಸಾಲದು. ಸೂಚನಾ ಫಲಕಗಳನ್ನು ನೆಚ್ಚದೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ದಿನದ ಕೂಲಿ ಕೊಡುವುದು ಸರಿ. ರೈಸ್ ಸಂಪುಟದ ಪಾವಗಡ ಭಾಗದ ಪುಟಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಗಡಿಯಾಚೆ ಹೇಮಾವತಿ. ಆಂಧ್ರದ ಅಮರಾಪುರ ಸೀಮೆಯ ಈ ಊರಿನಲ್ಲಿ ಮನೆಮಾತು ಕನ್ನಡವೇ. ಹೆಂಜೇರು ಎಂಬ ಹೆಸರಿನಲ್ಲಿ ಇದು ನೊಳಂಬರ ರಾಜಧಾನಿಯಾಗಿತ್ತು. ದೊಡ್ಡೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳ ಮುಂದೆ ನಿಧಾನವಾಗಿ ನಿಲ್ಲಬೇಕು. ಗಾಳಿ ಬೆಳಕು ಬರಲೆಂದು ಕೊರೆದ ಕಿಟಕಿಯನ್ನೇ ನೊಳಂಬ ಶಿಲ್ಪಿಗಳು ಶಿಲ್ಪದ ಚೌಕಟ್ಟು ಮಾಡಿಕೊಂಡಿದ್ದಾರೆ. ಇಲ್ಲಿಯ ಕೆಲವು ನುಣುಪಾದ ಕಂಬಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. ಸಿದ್ಧೇಶ್ವರ ಗುಡಿಯಲ್ಲಿ ಲಿಂಗವಿಲ್ಲ, ಕುಳಿತ ಶಿವನ ಮೂರ್ತಿಗೇ ಪೂಜೆ.

ಶಿರಾ: ಕಲ್ಲಿನ ನೆರಳು, ಕೊಕ್ಕರೆಯ ಸಂಜೆ

ಮಧ್ಯಾಹ್ನಕ್ಕೆ ಶಿರಾ. ಹೆದ್ದಾರಿ ಊಟದ ನಿಲುಗಡೆಯೆಂದಷ್ಟೇ ಬಹಳ ಜನಕ್ಕೆ ಗೊತ್ತಿರುವ ಈ ಊರು 1687ರಿಂದ ದಕ್ಷಿಣದ ಮೊಗಲ್ ಸುಬಾದ ಕೇಂದ್ರವಾಗಿತ್ತು. ಕೋಟೆಯ ಕೆಲಸ ಹೂಡಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ, ಅದು ಮುಗಿಯುವ ಮೊದಲೇ ಬಿಜಾಪುರದ ರಣದುಲ್ಲಾ ಖಾನ್ ಬಂದು ಊರು ಹಿಡಿದ. ನಡುಹಗಲಿನಲ್ಲಿ ನೋಡಲು ಹೇಳಿಮಾಡಿಸಿದಂಥವು ಇಲ್ಲಿಯ ಎರಡು ಕಟ್ಟಡಗಳು: 17ನೇ ಶತಮಾನದ ಮಲಿಕ್ ರಿಹಾನ್ ದರ್ಗಾ ಮತ್ತು 1696ರ ಜುಮ್ಮಾ ಮಸೀದಿ. ಮಸೀದಿ ಪೂರ್ತಿ ಕೆತ್ತಿದ ಕಲ್ಲಿನದು. ಸೂರಿನ ಅಂಚಿನ ಕೆತ್ತನೆ, ಮೂಲೆಯ ಮಿನಾರುಗಳ ಸಣ್ಣ ಕೆಲಸ ನೋಡಲು ಬೈನಾಕ್ಯುಲರ್ ಬೇಕಾಗುತ್ತದೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು ಹೋಗಬೇಕು.

ಮೊಗಲ್ ಸುಬೇದಾರ ದಿಲಾವರ್ ಖಾನನ ಕಾಲದ ಶಿರಾದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ, ಇಲ್ಲಿಯ ಖಾನ್‌ಬಾಗ್ ನೋಡಿ ಹೈದರ್ ಲಾಲ್‌ಬಾಗ್ ಮಾಡಿಸಿದನೆಂದೂ ಹೇಳಿಕೆಯಿದೆ. ಟಿಪ್ಪು ಶ್ರೀರಂಗಪಟ್ಟಣದ ಗಂಜಾಂ ಪೇಟೆ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಒಯ್ದನೆಂದು ಹಳೆಯ ಗೆಜೆಟಿಯರ್ ಬರೆಯುತ್ತದೆ. ಅಷ್ಟು ದೊಡ್ಡ ಊರಿನ ಗುರುತಾಗಿ ಉಳಿದದ್ದು ಕೋಟೆಯ ಕಂದಕ ಮತ್ತು ಈ ಕಲ್ಲುಕಟ್ಟಡಗಳು.

ನಾಲ್ಕು ಗಂಟೆಗೆ, ಶಿರಾದಿಂದ ಸುಮಾರು 8 ಕಿ.ಮೀ. ದೂರದ ಕಗ್ಗಲಡು. ಬಣ್ಣದ ಕೊಕ್ಕರೆಗಳು ಮತ್ತು ಬೂದು ಬಕಗಳು ಇಲ್ಲಿ ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹುಣಸೆ ಬಡಿಯುವ ಕಾಲವೂ ಮರಿಗಳ ಕಾಲವೂ ಒಂದೇ ಆದದ್ದರಿಂದ, ಹಕ್ಕಿಯನ್ನು ಉಳಿಸಿಕೊಳ್ಳುವುದೆಂದರೆ ಇಲ್ಲಿಯವರಿಗೆ ಜೇಬಿನ ಲೆಕ್ಕವೂ ಹೌದು. ಸಂಜೆ ಸುತ್ತಲ ಕೆರೆಗಳಿಂದ ಹಿಂದಿರುಗಿದ ತಾಯಿತಂದೆ ಹಕ್ಕಿಗಳು ಗೂಡಿನಲ್ಲಿ ಮೀನು ಕಕ್ಕುತ್ತವೆ, ಮರಿಗಳ ಗಲಾಟೆ ಬೀದಿಯವರೆಗೂ ಕೇಳುತ್ತದೆ. ಮರದ ನೇರ ಕೆಳಗೆ ನಿಲ್ಲಬಾರದು, ಕಾರಣ ಅಂಗಿಯ ಮೇಲೆಯೇ ಬಂದು ಬೀಳುತ್ತದೆ. ಡ್ರೋನ್, ಪಟಾಕಿ, ಹಾರ್ನ್ ಬೇಡ.

ಒಂದು ದಿನ ಹೆಚ್ಚಿದ್ದವರು ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋಗಬಹುದು. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ನೆಲೆ ಇದು. ಗಣೆ ಎಂಬ ಉದ್ದನೆಯ ಬಿದಿರ ಕೊಳಲು ನುಡಿಸುತ್ತ ಅವನ ಕಾವ್ಯ ಹಾಡುವ ಪರಂಪರೆ ಈ ಭಾಗದ್ದು. ಹಟ್ಟಿಗಳು ಪ್ರದರ್ಶನದ ಜಾಗಗಳಲ್ಲ, ಹಿರಿಯರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ನಡೆದುಕೊಳ್ಳಬೇಕು. 2019ರಲ್ಲಿ ಚಿಂಕಾರ ಎಂಬ ಹುಲ್ಲೆಗಾಗಿ ವನ್ಯಜೀವಿಧಾಮವೆಂದು ಘೋಷಣೆಯಾದ ಬುಕ್ಕಾಪಟ್ಟಣದ ಕಾಡೂ ಇದೇ ತಾಲ್ಲೂಕಿನದು, ಆದರೆ ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊರಡುವಂತಿಲ್ಲ.

ಎರಡೇ ದಿನ ಇರುವವರು ಪಾವಗಡ, ನಿಡಗಲ್ಲು, ಹೇಮಾವತಿಗಳನ್ನು ಕೈಬಿಟ್ಟು, ಮೊದಲ ದಿನ ನಸುಕಿಗೇ ಮಧುಗಿರಿ ಬೆಟ್ಟ, ಸಂಜೆ ಮೈದನಹಳ್ಳಿ, ಮರುದಿನ ಸುಮಾರು 40 ಕಿ.ಮೀ. ದೂರದ ಶಿರಾ ಎಂದು ಇಟ್ಟುಕೊಳ್ಳಬಹುದು. ಅವರು ಕಗ್ಗಲಡುವನ್ನು ಬೆಳಗ್ಗೆ ಏಳಕ್ಕೇ ನೋಡಿ ಮುಗಿಸಿದರೆ ಹಿಂದಿರುಗುವ ದಾರಿಯ ಸೀಬಿ ದೇವಾಲಯಕ್ಕೆ ಹಗಲು ಉಳಿಯುತ್ತದೆ. ನಾಲ್ಕು ದಿನದವರು ನಾಲ್ಕನೆಯ ರಾತ್ರಿ ಶಿರಾದಲ್ಲೇ ತಂಗಿ ಬೆಳಗ್ಗೆ ಸೀಬಿ ನೋಡುವುದು ಒಳ್ಳೆಯದು. ಶಿರಾ–ತುಮಕೂರು ಹೆದ್ದಾರಿಯ ಪಕ್ಕದ ಇಲ್ಲಿಯ ನರಸಿಂಹ ದೇವಾಲಯವನ್ನು 18ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ದರ್ಬಾರಿನ ಕಚೇರಿ ಕೃಷ್ಣಪ್ಪನ ಮೂವರು ಮಕ್ಕಳು ಕಟ್ಟಿಸಿದರು. ನೋಡಬೇಕಾದದ್ದು ಮುಖಮಂಟಪದ ಚಾವಣಿ. ಸಾಲುಸಾಲಾಗಿ ರಾಮಾಯಣ, ಭಾರತದ ಕಥೆಗಳು, ನಡುವೆ ಅಂದಿನ ದರ್ಬಾರಿನ ದೃಶ್ಯಗಳೂ ಇವೆ. ಕತ್ತು ನೋಯದಂತೆ ನೋಡುವ ಉಪಾಯವೆಂದರೆ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುವುದು. ಚಿತ್ರಗಳಿಗೆ ಫ್ಲಾಶ್ ಹೊಡೆಯಬಾರದು. ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ, ಹತ್ತೂವರೆಯ ಒಳಗೆ ಬಂದಿದ್ದರೆ ಹಗಲ ಬೆಳಕೇ ಸಾಕು. ಸೀಬಿಯಿಂದ ತುಮಕೂರಿಗೆ ಅರ್ಧ ಗಂಟೆಯ ದಾರಿ.